ಒಮ್ಮೊಮ್ಮೆ ಮಾತ್ರ ಮಾಯವಾಗುವ ಎಚ್ಚರಿಕೆ ವಿಂಡೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ. ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಭದ್ರತಾ ಎಚ್ಚರಿಕೆಗಳನ್ನು ತೋರಿಸುವ ವಿಂಡೋ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆದರೆ ಸರಿಯಾಗಿರುತ್ತದೆ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಕೊಟ್ಟಿದ್ದೇವೆ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ತಿಳಿಸಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಫೆಡೋರಾ ಲಿನಕ್ಸ್ ಇದೆ. ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಮ್ ಏನನ್ನು ಮುಟ್ಟಬಹುದು ಎಂದು ಕಾಯುವ ಭದ್ರತಾ ವ್ಯವಸ್ಥೆ) ಎಚ್ಚರಿಕೆ ತೋರಿಸುವ ಎಸ್‌ಇಅಲರ್ಟ್ ವಾರಕ್ಕೆ ಎರಡು ಮೂರು ಸಲ ತಾನಾಗಿ ಮಾಯವಾಗುತ್ತದೆ. ಯಾವ ಸಂದೇಶವೂ ಇಲ್ಲ. ಎಸ್‌ಇಲಿನಕ್ಸನ್ನೇ ಆಫ್ ಮಾಡಿಬಿಡಿ ಎಂದು ಪರಿಚಿತರೊಬ್ಬರು ಹೇಳಿದರು. ಮಾಡಬಹುದೇ? ಬೇಡವೆಂದರೆ ಹುಡುಕಾಟ ಎಲ್ಲಿಂದ ಶುರು ಮಾಡಲಿ?
— ಓದುಗರು, ಮೈಸೂರು

ಉತ್ತರ: ಆಫ್ ಮಾಡಬೇಡಿ. ತಡೆಯುವ ಕೆಲಸ ನಡೆಯುವುದು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ. ನಿಮ್ಮ ಕಣ್ಣೆದುರು ಬೀಳುತ್ತಿರುವುದು ಆ ತಡೆಯ ವರದಿಯನ್ನು ಬಿಡಿಸಿ ಹೇಳುವ ಒಂದು ಪೈಥಾನ್ ಪ್ರೋಗ್ರಾಮ್ ಮಾತ್ರ. ವಿಂಡೋ ಇಲ್ಲದಿದ್ದರೂ ಕಾವಲು ನಡೆದೇ ಇರುತ್ತದೆ, ವರದಿ /ವಾರ್/ಲಾಗ್/ಆಡಿಟ್/ಆಡಿಟ್.ಲಾಗ್ ಫೈಲಿಗೆ ಬಿದ್ದಿರುತ್ತದೆ. ಕಾವಲು ತೆಗೆದರೆ ಎಚ್ಚರಿಕೆಯೇ ಹುಟ್ಟುವುದಿಲ್ಲ. ಆಗ ಕ್ರ್ಯಾಶ್ ಕೂಡ ನಿಂತಂತೆ ಕಾಣುತ್ತದೆ, ಆದರೆ ದೋಷ ಇದ್ದಲ್ಲೇ ಇರುತ್ತದೆ.

ಸರಪಳಿ ಹೀಗಿದೆ. ಕರ್ನಲ್ ಬರೆದ ನಿರಾಕರಣೆಯ ಸಾಲು ಆಡಿಟ್‌ಡಿ ಎಂಬ ಸೇವೆಗೆ ಬರುತ್ತದೆ. ಅದರ ಪ್ಲಗಿನ್ ಎಸ್‌ಇಡಿಸ್ಪ್ಯಾಚ್ ಆ ಸಾಲನ್ನು ಡಿ-ಬಸ್ (ಪ್ರೋಗ್ರಾಮುಗಳು ಒಂದಕ್ಕೊಂದು ಸಂದೇಶ ಕಳಿಸುವ ದಾರಿ) ಮೂಲಕ ಸೆಟ್ರಬಲ್‌ಶೂಟ್‌ಡಿ ಎಂಬ ಸೇವೆಗೆ ದಾಟಿಸುತ್ತದೆ. ಅದು ವಿಶ್ಲೇಷಿಸಿ, ಫಲಿತಾಂಶವನ್ನು ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿಟ್ಟು, ಎಸ್‌ಇಅಲರ್ಟ್‌ಗೆ ಒದಗಿಸುತ್ತದೆ. 2006ರಲ್ಲಿ ಫೆಡೋರಾ ಕೋರ್ 6ರ ಜೊತೆ ಸೆಟ್ರಬಲ್‌ಶೂಟ್ ಬಂದ ಮೇಲೆ ಒಳಗಿನ ಜೋಡಣೆ ಬದಲಾಗುತ್ತಾ ಬಂದಿದೆ, ಆದರೆ ಹೀಗೆ ಕೈಯಿಂದ ಕೈಗೆ ದಾಟುವ ಕ್ರಮ ಉಳಿದಿದೆ. ಇದರಲ್ಲಿ ಯಾವ ಕೊಂಡಿ ಕಳಚಿತು, ಹೇಗೆ ಕಳಚಿತು ಎಂಬುದು ಗೊತ್ತಾಗುವ ತನಕ ಯಾವ ಪ್ಯಾಕೇಜನ್ನೂ ಮರುಸ್ಥಾಪಿಸಬೇಡಿ, ಯಾವ ಫೈಲನ್ನೂ ಅಳಿಸಬೇಡಿ. ಒಮ್ಮೊಮ್ಮೆ ಮಾತ್ರ ಕಾಣಿಸಿಕೊಳ್ಳುವ ದೋಷ ಸಾಮಾನ್ಯವಾಗಿ ಕೈತಪ್ಪುವುದು ಹೀಗೆಯೇ. ಏನೋ ಒಂದು ಬದಲಿಸುತ್ತೇವೆ, ನಾಲ್ಕು ದಿನ ಬೀಳುವುದಿಲ್ಲ, ಸರಿಯಾಯಿತು ಎಂದುಕೊಳ್ಳುತ್ತೇವೆ. ಐದನೆಯ ದಿನ ಬೀಳುವಾಗ ಹಳೆಯ ಕುರುಹು ಉಳಿದಿರುವುದಿಲ್ಲ.

ಇಂದಿನಿಂದ ಮೆನುವಿನಿಂದ ತೆರೆಯುವುದನ್ನು ನಿಲ್ಲಿಸಿ, ಟರ್ಮಿನಲ್‌ನಿಂದ ತೆರೆಯಿರಿ. ಪೈಥಾನ್‌ಫಾಲ್ಟ್‌ಹ್ಯಾಂಡ್ಲರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪೂರ್ತಿ ದೊಡ್ಡಕ್ಷರ, ನಡುವೆ ಜಾಗ ಬೇಡ) 1 ಕೊಟ್ಟು, ಎಸ್‌ಇಅಲರ್ಟ್ -ಬಿ ಓಡಿಸಿ. ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಫೈಲಿಗೆ ತಿರುಗಿಸಿ. ವಿಂಡೋ ಮಾಯವಾದ ಕೂಡಲೇ, ಬೇರೇನೂ ಟೈಪ್ ಮಾಡುವ ಮೊದಲು, ಎಕೋ ಡಾಲರ್ ಪ್ರಶ್ನಾರ್ಥಕ ಕೊಟ್ಟು ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಔಟ್‌ಪುಟ್ಟನ್ನು ಪೈಪ್ ಮೂಲಕ ಟೀ ಕಮಾಂಡಿಗೆ ಕೊಟ್ಟರೆ ಸಿಗುವುದು ಟೀಯ ಸಂಖ್ಯೆ, ಎಸ್‌ಇಅಲರ್ಟ್‌ನದಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ.

ಆ ಸಂಖ್ಯೆಯಲ್ಲಿ ಅರ್ಧ ಉತ್ತರ ಇರುತ್ತದೆ. 128ಕ್ಕಿಂತ ಹೆಚ್ಚಿದ್ದರೆ 128 ಕಳೆಯಿರಿ. ಉಳಿದದ್ದು ಸಿಗ್ನಲ್ (ಪ್ರೋಗ್ರಾಮನ್ನು ನಿಲ್ಲಿಸಿದ ಸೂಚನೆ) ಸಂಖ್ಯೆ. 139 ಬಂದರೆ 11, ಅಂದರೆ ಸೆಗ್‌ಮೆಂಟೇಶನ್ ಫಾಲ್ಟ್. ಸಿ ಭಾಷೆಯ ಲೈಬ್ರರಿಯೊಂದು ತನ್ನದಲ್ಲದ ಮೆಮೊರಿ ಮುಟ್ಟಿದೆ. 134 ಬಂದರೆ 6, ಪ್ರೋಗ್ರಾಮೇ ಅಬಾರ್ಟ್ ಮಾಡಿಕೊಂಡಿದೆ. 133 ಬಂದರೆ 5. ಜಿಲಿಬ್ ಲೈಬ್ರರಿ ಮುಂದುವರಿಯಲಾಗದ ದೋಷ ಕಂಡು ತಾನೇ ನಿಲ್ಲಿಸಿದಾಗ ಹೀಗಾಗುತ್ತದೆ. 137 ಬಂದರೆ 9, ಹೊರಗಿನಿಂದ ಯಾರೋ ಕೊಂದಿದ್ದಾರೆ, ಹೆಚ್ಚಾಗಿ ಮೆಮೊರಿ ಸಾಲದೆ. ಆಗ ಜರ್ನಲ್‌ಸಿಟಿಎಲ್ -ಕೆ ಔಟ್‌ಪುಟ್‌ನಲ್ಲಿ "ಕಿಲ್ಡ್ ಪ್ರೋಸೆಸ್" ಎಂದು ಹುಡುಕಿ. ಫೆಡೋರಾ 34ರಿಂದ ಸಿಸ್ಟಮ್‌ಡಿ-ಊಮ್‌ಡಿ ಎಂಬ ಸೇವೆಯೂ ಈ ಕೆಲಸ ಮಾಡುವುದರಿಂದ ಅದರ ಲಾಗನ್ನೂ ನೋಡಿ.

ಸಂಖ್ಯೆ 1 ಆಗಿದ್ದರೆ ಎರಡು ಸಾಧ್ಯತೆ. ಫೈಲಿನ ಕೊನೆಯಲ್ಲಿ "ಟ್ರೇಸ್‌ಬ್ಯಾಕ್" ಎಂದು ಶುರುವಾಗುವ ಸಾಲುಗಳಿದ್ದರೆ ಪೈಥಾನ್ ಎಕ್ಸೆಪ್ಶನ್. "ಎರರ್ 71, ಪ್ರೊಟೊಕಾಲ್ ಎರರ್" ಎಂಬ ಒಂದೇ ಸಾಲಿದ್ದರೆ ವಿಂಡೋಗಳನ್ನು ಪರದೆಗೆ ತರುವ ವೇಲ್ಯಾಂಡ್ ಡಿಸ್‌ಪ್ಲೇ ಸಂಪರ್ಕ ಕಡಿದಿದೆ. ಎರಡನೆಯದನ್ನು ಖಾತ್ರಿ ಮಾಡಿಕೊಳ್ಳಲು ಜಿಡಿಕೆ ಅಡಿಗೆರೆ ಬ್ಯಾಕೆಂಡ್ (ದೊಡ್ಡಕ್ಷರ) ಎಂಬ ವೇರಿಯಬಲ್‌ಗೆ ಎಕ್ಸ್11 (ವೇಲ್ಯಾಂಡ್‌ಗಿಂತ ಹಳೆಯ ವ್ಯವಸ್ಥೆ) ಕೊಟ್ಟು ಕೆಲವು ದಿನ ಓಡಿಸಿ. ಬೀಳದಿದ್ದರೆ ಆ ದಿಕ್ಕು ಹಿಡಿಯಿರಿ. ಕಮಾಂಡ್ ಕೊಟ್ಟ ತಕ್ಷಣ 0 ಬಂದು ಪ್ರಾಂಪ್ಟ್ ಮರಳಿದರೆ, ಮೊದಲೇ ಓಡುತ್ತಿದ್ದ ಇನ್ನೊಂದು ಎಸ್‌ಇಅಲರ್ಟ್‌ಗೆ ಕೆಲಸ ದಾಟಿರಬಹುದು. ಪಿಎಸ್ ಕಮಾಂಡಿನಿಂದ ಅದನ್ನು ಹುಡುಕಿ ಮುಚ್ಚಿ ಮತ್ತೆ ಶುರು ಮಾಡಿ.

ಹಿಂದಿನ ವಾರಗಳ ಕ್ರ್ಯಾಶ್‌ಗಳ ಕುರುಹು ಕೂಡ ಸಿಗುತ್ತದೆ. ಯಾವುದೇ ಪ್ರೋಗ್ರಾಮ್ 5, 6, 11ರಂಥ ಸಿಗ್ನಲ್‌ನಿಂದ ಅಸಹಜವಾಗಿ ಸತ್ತರೆ ಕರ್ನಲ್ ಅದೇ ಆಡಿಟ್ ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ, ಕೋರ್ ಡಂಪ್ (ಬಿದ್ದ ಕ್ಷಣದ ಮೆಮೊರಿಯ ಪ್ರತಿ) ಉಳಿಯದಿದ್ದರೂ. ರೂಟ್ ಆಗಿ ಎಯುಸರ್ಚ್ -ಎಂ ಎಂದು ಬರೆದು ಮುಂದೆ ದೊಡ್ಡಕ್ಷರದಲ್ಲಿ ಎ-ಎನ್-ಒ-ಎಂ, ಅಡಿಗೆರೆ, ಎ-ಬಿ-ಇ-ಎನ್-ಡಿ ಎಂದು ಕೊಡಿ. ಪ್ರತಿ ಸಾಲಿನಲ್ಲೂ ಸಮಯ, ಪ್ರೋಗ್ರಾಮಿನ ಹೆಸರು, "ಸಿಗ್=11" ಎಂಬಂಥ ಸಿಗ್ನಲ್ ಇರುತ್ತದೆ. ಎಚ್ಚರಿಕೆ ತೋರಿಸುವ ಪ್ರೋಗ್ರಾಮಿನ ಸಾವನ್ನು ಎಚ್ಚರಿಕೆಯ ಲಾಗೇ ದಾಖಲಿಸಿಟ್ಟಿರುತ್ತದೆ. ಪೈಥಾನ್ ಎಕ್ಸೆಪ್ಶನ್ ಮಾತ್ರ ಇಲ್ಲಿ ಕಾಣುವುದಿಲ್ಲ, ಏಕೆಂದರೆ ಕರ್ನಲ್‌ನ ಕಣ್ಣಿಗೆ ಅದು ಸಹಜ ನಿರ್ಗಮನ.

ಆಮೇಲೆ ಕೋರ್‌ಡಂಪ್‌ಸಿಟಿಎಲ್ ಲಿಸ್ಟ್ ನೋಡಿ. ಸಾಲಿನಲ್ಲಿ "ಪ್ರೆಸೆಂಟ್" ಎಂದಿದ್ದರೆ ಕೂಡಲೇ ಕೋರ್‌ಡಂಪ್‌ಸಿಟಿಎಲ್ ಡಂಪ್ -ಒ ಬಳಸಿ ಬೇರೆ ಜಾಗಕ್ಕೆ ತೆಗೆದಿಡಿ. ಹಳೆಯ ಸಿಸ್ಟಮ್‌ಡಿ ಆವೃತ್ತಿಗಳು 3 ದಿನಕ್ಕೆ, ಈಚಿನವು 2 ವಾರಕ್ಕೆ ಕೋರ್ ಫೈಲುಗಳನ್ನು ಗುಡಿಸಿಬಿಡುತ್ತವೆ. "ಮಿಸ್ಸಿಂಗ್" ಎಂದು ಬಂದಿದ್ದರೆ ಅದು ಆಗಲೇ ನಡೆದಿದೆ.

ಇನ್ನೊಂದು ಕೆಲಸಕ್ಕೆ ಸಾಫ್ಟ್‌ವೇರ್ ಬೇಡ, ನೋಟ್‌ಬುಕ್ ಸಾಕು. ಪ್ರತಿ ಸಲ ಬಿದ್ದಾಗಲೂ ಬರೆಯಿರಿ: ನಿಮಿಷ ಸಹಿತ ಸಮಯ, ನಿರ್ಗಮನ ಸಂಖ್ಯೆ, ತೆರೆದು ಎಷ್ಟು ಹೊತ್ತಾಗಿತ್ತು, ಪಟ್ಟಿಯಲ್ಲಿ ಎಷ್ಟು ಎಚ್ಚರಿಕೆಗಳಿದ್ದವು, ಆ ಕ್ಷಣ ಹೊಸದು ಬಂತೇ, ಕೊನೆಗೆ ಒತ್ತಿದ ಬಟನ್ ಯಾವುದು, ಅಂದು ಅಪ್‌ಡೇಟ್ ನಡೆದಿತ್ತೇ, ಸ್ಕ್ರೀನ್ ಲಾಕ್ ಆಗಿತ್ತೇ. ಅಪ್‌ಡೇಟ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪೈಥಾನ್ ಎಷ್ಟೋ ಮಾಡ್ಯೂಲುಗಳನ್ನು ಬೇಕಾದಾಗ ಮಾತ್ರ ಲೋಡ್ ಮಾಡುತ್ತದೆ. ವಿಂಡೋ ತೆರೆದಿರುವಾಗಲೇ ಡಿಎನ್‌ಎಫ್ (ಫೆಡೋರಾದಲ್ಲಿ ಪ್ಯಾಕೇಜು ಹಾಕುವ, ಅಪ್‌ಡೇಟ್ ಮಾಡುವ ಕಮಾಂಡ್) ಪ್ಯಾಕೇಜು ಬದಲಿಸಿದರೆ ಅರ್ಧ ಹಳೆಯ ಕೋಡ್ ಮೆಮೊರಿಯಲ್ಲಿ, ಅರ್ಧ ಹೊಸದು ಡಿಸ್ಕಿನಲ್ಲಿ ಎಂದಾಗುತ್ತದೆ. ಮುಂದಿನ ಕ್ಲಿಕ್‌ಗೆ ಬೀಳುತ್ತದೆ, ಮತ್ತೆ ತೆರೆದರೆ ಪೂರ್ತಿ ಹೊಸದೇ ಲೋಡ್ ಆಗಿ ಸರಿಯಾಗುತ್ತದೆ. ನೀವು ಹೇಳುವ ಲಕ್ಷಣಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಡಿಎನ್‌ಎಫ್ ಹಿಸ್ಟರಿಯ ಸಮಯಗಳನ್ನು ನೋಟ್‌ಬುಕ್ಕಿನ ಸಮಯಗಳ ಪಕ್ಕದಲ್ಲಿಟ್ಟು ನೋಡಿ.

ಕೊನೆಗೆ ಸರಪಳಿಯನ್ನು ಅರ್ಧಕ್ಕೆ ಕತ್ತರಿಸಿ ಪರೀಕ್ಷಿಸಿ. ಎಸ್‌ಇಅಲರ್ಟ್ -ಎಲ್ ಮುಂದೆ ಉದ್ಧರಣ ಚಿಹ್ನೆಯೊಳಗೆ ನಕ್ಷತ್ರ ಕೊಟ್ಟರೆ ಅವವೇ ಎಚ್ಚರಿಕೆಗಳು ವಿಂಡೋ ಇಲ್ಲದೆ ಟರ್ಮಿನಲ್‌ನಲ್ಲಿ ಬರುತ್ತವೆ. ಇದು ಪ್ರತಿ ಸಲವೂ ಕೊನೆಯ ತನಕ ಓಡಿ, ವಿಂಡೋ ಮಾತ್ರ ಬೀಳುತ್ತಿದ್ದರೆ ತಪ್ಪು ಪರದೆಯ ಕಡೆ ಇದೆ. ಇದೂ ಬಿದ್ದರೆ ಪರದೆಯನ್ನು ಮರೆತು ದತ್ತಾಂಶದ ಕಡೆ ತಿರುಗಿ.

ಪ್ರಶ್ನೆ: ಸೆಟ್ರಬಲ್‌ಶೂಟ್‌ಡಿಯ ಸ್ಥಿತಿ ಕೇಳಿದರೆ "ಇನ್‌ಆಕ್ಟಿವ್, ಡೆಡ್" ಎಂದು ಬರುತ್ತದೆ. ಕ್ರ್ಯಾಶ್ ಆಗಿರುವುದು ಇದೇ ಅಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ಈಗಿನ ಆವೃತ್ತಿಗಳಲ್ಲಿ ಅದು ಸದಾ ಓಡುವ ಸೇವೆಯಲ್ಲ. ಎಚ್ಚರಿಕೆ ಬಂದಾಗ ಅಥವಾ ಎಸ್‌ಇಅಲರ್ಟ್ ಕೇಳಿದಾಗ ಡಿ-ಬಸ್ ಅದನ್ನು ಎಬ್ಬಿಸುತ್ತದೆ, ಕೆಲಸ ಮುಗಿದು ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. "ಡೆಡ್" ಎಂಬ ಪದ ಹೆದರಿಸುತ್ತದೆ, ಅಷ್ಟೆ. ಗಮನಿಸಬೇಕಾದದ್ದು "ಫೇಲ್ಡ್" ಎಂಬ ಪದ. ಅದು ಕಂಡರೆ ಜರ್ನಲ್‌ಸಿಟಿಎಲ್ -ಟಿ ಸೆಟ್ರಬಲ್‌ಶೂಟ್ ಕೊಟ್ಟು ಕೊನೆಯ ಸಾಲುಗಳನ್ನು ಓದಿ.

ಪ್ರಶ್ನೆ: ನಮ್ಮ ಕಚೇರಿಗೆ ನಾವೇ ಪೈಥಾನ್ ಮತ್ತು ಜಿಟಿಕೆಯಲ್ಲಿ (ವಿಂಡೋ, ಬಟನ್ ಬಿಡಿಸುವ ಲೈಬ್ರರಿ) ಎಚ್ಚರಿಕೆ ತೋರಿಸುವ ಸಣ್ಣ ಪ್ರೋಗ್ರಾಮ್ ಬರೆದುಕೊಂಡಿದ್ದೇವೆ. ಸರ್ವರ್ ಕಳಿಸುವ ಜೇಸನ್ ಸಾಲುಗಳನ್ನು ಸಾಕೆಟ್‌ನಿಂದ 4096 ಬೈಟ್‌ಗಳಂತೆ ಓದುತ್ತೇವೆ. ತಿಂಗಳಿಗೆ ಕೆಲವು ಸಲ "ಯೂನಿಕೋಡ್ ಡೀಕೋಡ್ ಎರರ್" ಬಂದು ನಿಲ್ಲುತ್ತದೆ. ಅದೇ ಎಚ್ಚರಿಕೆಯನ್ನು ಮತ್ತೆ ಕಳಿಸಿದರೆ ಏನೂ ಆಗುವುದಿಲ್ಲ. ಫೈಲುಗಳಿಗೆ ಕನ್ನಡದ ಹೆಸರು ಇಡುವ ವಿಭಾಗದಿಂದಲೇ ಹೆಚ್ಚು ಬರುತ್ತದೆ ಎಂಬ ಅನುಮಾನ.
— ಓದುಗರು, ಬೆಂಗಳೂರು

ಉತ್ತರ: ಅನುಮಾನ ಸರಿ, ಆದರೆ ಕನ್ನಡದ ಹೆಸರಿನದು ತಪ್ಪಲ್ಲ. ತಪ್ಪಿರುವುದು ಓದುವ ಕ್ರಮದಲ್ಲಿ.

"ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡಿನಲ್ಲಿ ಐದು ಸಂಕೇತ: ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ, ಮತ್ತೆ ನ, ಡ. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಕ ಎಂದರೆ 224, 178, 149. ನ ಎಂದರೆ 224, 178, 168. ಹಲಂತ ಚಿಹ್ನೆ 224, 179, 141. ಡ 224, 178, 161. ಒಟ್ಟು 15 ಬೈಟ್. ನೀವು 4096 ಬೈಟ್ ಓದಿ ಆ ತುಂಡನ್ನು ಅಲ್ಲೇ ಡೀಕೋಡ್ ಮಾಡುತ್ತೀರಿ. ತುಂಡಿನ ಕೊನೆ 224ರ ನಂತರವೋ 178ರ ನಂತರವೋ ಬಿದ್ದರೆ ಕ ಅರ್ಧಕ್ಕೆ ತುಂಡಾಗುತ್ತದೆ. "ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಡೇಟಾ" ಎಂದು ಡೀಕೋಡರ್ ಕೈಚೆಲ್ಲುವುದು ಆಗಲೇ.

ಎಷ್ಟು ಅಪರೂಪ ಎಂದು ಲೆಕ್ಕ ಹಾಕಿ. ಒಂದು ಎಚ್ಚರಿಕೆ ಸುಮಾರು 1500 ಬೈಟ್ ಇದ್ದು, ಅದರಲ್ಲಿ "ಕನ್ನಡ" ಎಂಬ ಒಂದೇ ಕನ್ನಡ ಹೆಸರಿದ್ದರೆ, ಕತ್ತರಿ ಬೀಳಬಾರದ ಜಾಗಗಳು ಸಂಕೇತಕ್ಕೆ ಎರಡರಂತೆ 10. ಅಂದರೆ ಪ್ರತಿ ತುಂಡಿನ ಕೊನೆಗೂ 150ರಲ್ಲಿ 1ರಷ್ಟು ಸಾಧ್ಯತೆ. ಮತ್ತೆ ಕಳಿಸಿದಾಗ ಹಿಂದೆ ಮುಂದೆ ಬೇರೆ ಸಾಲುಗಳಿರುವುದರಿಂದ ಕತ್ತರಿ ಬೇರೆಡೆ ಬೀಳುತ್ತದೆ. "ಮತ್ತೆ ಮಾಡಿದರೆ ಬರುವುದಿಲ್ಲ" ಎಂಬ ನಿಮ್ಮ ಗೊಂದಲಕ್ಕೆ ಕಾರಣ ಇಷ್ಟೇ. ಖಾತ್ರಿಗಾಗಿ 4096ನ್ನು 7 ಎಂದು ಬದಲಿಸಿ ಓಡಿಸಿ; ತಿಂಗಳಿಗೆ ಕೆಲವು ಸಲ ಬರುತ್ತಿದ್ದ ದೋಷ ಕೆಲವೇ ಎಚ್ಚರಿಕೆಗಳೊಳಗೆ ಬರಬೇಕು. ಅಪರೂಪದ ದೋಷವನ್ನು ಹೀಗೆ ಪದೇ ಪದೇ ಬರುವಂತೆ ಮಾಡಿಕೊಳ್ಳದೆ ತಿದ್ದಲು ಹೋಗಬೇಡಿ.

ತಿದ್ದುವುದು ಸುಲಭ. ಬೈಟ್‌ಗಳನ್ನು ಬೈಟ್‌ಗಳಾಗಿಯೇ ಕೂಡಿಸುತ್ತಾ ಹೋಗಿ, ಸಾಲು ಮುಗಿಸುವ ಬೈಟ್ 10 ಸಿಕ್ಕ ಮೇಲೆ ಇಡೀ ಸಾಲನ್ನು ಡೀಕೋಡ್ ಮಾಡಿ. ಯುಟಿಎಫ್-8ರಲ್ಲಿ ಹಲವು ಬೈಟ್‌ಗಳ ಸಂಕೇತದ ಪ್ರತಿ ಬೈಟೂ 128 ಅಥವಾ ಮೇಲಿನದು. 10 ಎಂದಿಗೂ ಅದರ ನಡುವೆ ಬರುವುದಿಲ್ಲ, ಹಾಗಾಗಿ ಇದು ಸುರಕ್ಷಿತ. ಸಾಲಿನ ಲೆಕ್ಕ ಬೇಡವೆಂದರೆ ಪೈಥಾನಿನ ಕೋಡೆಕ್ಸ್ ಮಾಡ್ಯೂಲಿನಲ್ಲಿ ಇನ್‌ಕ್ರಿಮೆಂಟಲ್ ಡೀಕೋಡರ್ ಇದೆ. ಅರ್ಧ ಉಳಿದ ಬೈಟ್‌ಗಳನ್ನು ಅದು ಮುಂದಿನ ತುಂಡು ಬರುವ ತನಕ ಹಿಡಿದಿಟ್ಟುಕೊಳ್ಳುತ್ತದೆ.

ಎರರ್ಸ್ ಎಂಬಲ್ಲಿ "ಇಗ್ನೋರ್" ಕೊಟ್ಟು ಬಾಯಿ ಮುಚ್ಚಿಸಬೇಡಿ. ಕ್ರ್ಯಾಶ್ ನಿಲ್ಲುತ್ತದೆ, ಹೆಸರಿನ ಒಂದು ಅಕ್ಷರವೂ ಕಾಣೆಯಾಗುತ್ತದೆ. ಭದ್ರತಾ ಎಚ್ಚರಿಕೆಯಲ್ಲಿ ಫೈಲಿನ ಹೆಸರು ಸಾಕ್ಷಿ, ಅದನ್ನು ಕಳೆಯುವ ಹಕ್ಕು ತೋರಿಸುವ ಪ್ರೋಗ್ರಾಮಿಗೆ ಇಲ್ಲ. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಎಂದರೆ ಬೈಟ್‌ಗಳ ಸಾಲು, ಅದು ಸರಿಯಾದ ಯುಟಿಎಫ್-8 ಆಗಿರಲೇಬೇಕೆಂಬ ನಿಯಮವಿಲ್ಲ. ಒಳಗೆ ಇಟ್ಟುಕೊಳ್ಳುವಾಗ "ಸರಗೇಟ್‌ಎಸ್ಕೇಪ್" ಬಳಸಿದರೆ ಮೂಲ ಬೈಟ್‌ಗಳು ಉಳಿಯುತ್ತವೆ. ಆದರೆ ಆ ಪಠ್ಯವನ್ನು ನೇರವಾಗಿ ಜಿಟಿಕೆ ಲೇಬಲ್‌ಗೆ ಕೊಟ್ಟರೆ ಈ ಸಲ ಎನ್‌ಕೋಡ್ ಎರರ್ ಬರುತ್ತದೆ. ತೋರಿಸುವಾಗ "ಬ್ಯಾಕ್‌ಸ್ಲ್ಯಾಶ್‌ರಿಪ್ಲೇಸ್" ಮೂಲಕ ದಾಟಿಸಿ. ಲೇಬಲ್‌ನಲ್ಲಿ ಮಾರ್ಕಪ್ ಬಳಸುತ್ತಿದ್ದರೆ ಹೆಸರಿನಲ್ಲಿ ಆಂಪರ್‌ಸ್ಯಾಂಡ್ ಬಂದಾಗ ಲೇಬಲ್ ಖಾಲಿಯಾಗುತ್ತದೆ. ಜಿಲಿಬ್‌ನ ಮಾರ್ಕಪ್ ಎಸ್ಕೇಪ್ ಟೆಕ್ಸ್ಟ್ ಇರುವುದು ಇದಕ್ಕೇ.

ಹೊರಗಿನಿಂದ ಬಂದ ಹೆಸರನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಗಂಭೀರ ಉದಾಹರಣೆ ಸೆಟ್ರಬಲ್‌ಶೂಟ್‌ನದೇ. 2015ರಲ್ಲಿ ಬಯಲಾದ, ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2015-1815 ಎಂಬ ಗುರುತಿರುವ ದೋಷದಲ್ಲಿ ಫೈಲಿನ ಹೆಸರು ಶೋಧಿಸದೆ ಷೆಲ್‌ಗೆ ಹೋಗುತ್ತಿತ್ತು. ಬೇಕೆಂದೇ ಇಟ್ಟ ಒಂದು ಹೆಸರು ಸಾಕಿತ್ತು, ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು.

ಅಂದ ಹಾಗೆ, ಆಡಿಟ್ ಲಾಗಿನಲ್ಲಿ ಕನ್ನಡ ಹೆಸರು ಹುಡುಕಿದರೆ ಸಿಗುವುದಿಲ್ಲ. ಜಾಗ, ಉದ್ಧರಣ ಚಿಹ್ನೆ ಅಥವಾ ಆಸ್ಕಿ ಅಲ್ಲದ ಅಕ್ಷರ ಇರುವ ಹೆಸರನ್ನು ಕರ್ನಲ್ ಹೆಕ್ಸ್ ಅಂಕೆಗಳಾಗಿ ಬರೆಯುತ್ತದೆ. "ಕನ್ನಡ" ಎಂಬುದು 30 ಹೆಕ್ಸ್ ಅಂಕೆಗಳಾಗಿ ಕಾಣುತ್ತದೆ. ಎಯುಸರ್ಚ್‌ಗೆ -ಐ ಸೇರಿಸಿದರೆ ಬಿಡಿಸಿ ತೋರಿಸುತ್ತದೆ.

ಪ್ರಶ್ನೆ: ನಮ್ಮದೂ ಸ್ವಂತ ಜಿಟಿಕೆ ಪ್ರೋಗ್ರಾಮ್. 139 ಬರುತ್ತಿದೆ, ಕೋರ್ ಡಂಪ್ ಕೂಡ ಸಿಕ್ಕಿದೆ. ಆದರೆ ಮೂರು ಕೋರ್‌ಗಳಲ್ಲಿ ಮೂರು ಬೇರೆ ಬೇರೆ ಜಾಗ: ಒಂದು ಜಿಟಿಕೆಯಲ್ಲಿ, ಒಂದು ಅಕ್ಷರ ಬಿಡಿಸುವ ಪ್ಯಾಂಗೋದಲ್ಲಿ, ಒಂದು ಮೆಮೊರಿ ಬಿಡುಗಡೆ ಮಾಡುವ ಫ್ರೀಯಲ್ಲಿ. ಯಾವುದನ್ನು ನಂಬಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಮೂರನ್ನೂ ನಂಬಿ, ಆದರೆ ಬಿದ್ದ ಜಾಗವನ್ನೇ ತಪ್ಪು ನಡೆದ ಜಾಗ ಎಂದುಕೊಳ್ಳಬೇಡಿ. ಮೆಮೊರಿ ಕೆಡುವುದು ಒಂದು ಕ್ಷಣ, ಅದನ್ನು ಮುಟ್ಟಿ ಬೀಳುವುದು ಇನ್ನೊಂದು ಕ್ಷಣ. ಜಾಗ ಪ್ರತಿ ಸಲ ಬದಲಾಗುತ್ತಿದ್ದರೆ ಮೊದಲ ಅನುಮಾನ ಥ್ರೆಡ್‌ಗಳ ಮೇಲೆ, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ ಕೆಲಸದ ಎಳೆಗಳ ಮೇಲೆ.

ಕೋರ್‌ಡಂಪ್‌ಸಿಟಿಎಲ್ ಡೀಬಗ್ ಕೊಟ್ಟರೆ ಜಿಡಿಬಿ ಎಂಬ ದೋಷ ಹುಡುಕುವ ಪ್ರೋಗ್ರಾಮ್ ತೆರೆಯುತ್ತದೆ. ಫೆಡೋರಾ 35ರಿಂದ ಡೀಬಗ್ ಮಾಹಿತಿಯನ್ನು ನೆಟ್‌ನಿಂದ ತಂದುಕೊಳ್ಳಲೇ ಎಂದು ಅದೇ ಕೇಳುತ್ತದೆ, ಹೌದು ಎನ್ನಿ. ಬರೀ ಬಿಟಿ ಕೊಟ್ಟರೆ ಬಿದ್ದ ಥ್ರೆಡ್ ಮಾತ್ರ ಕಾಣುತ್ತದೆ. ನಿಮಗೆ ಬೇಕಾದದ್ದು ಥ್ರೆಡ್ ಅಪ್ಲೈ ಆಲ್ ಬಿಟಿ. ಅದರಲ್ಲಿ ಮೇನ್ ಲೂಪ್ ಓಡಿಸುತ್ತಿರುವ ಥ್ರೆಡ್ ಯಾವುದು ಎಂದು ಗುರುತಿಸಿ. ಅದನ್ನು ಬಿಟ್ಟು ಬೇರೆ ಯಾವ ಥ್ರೆಡ್‌ನಲ್ಲಾದರೂ ಜಿಟಿಕೆ ಎಂದು ಶುರುವಾಗುವ ಫಂಕ್ಷನ್ ಕಂಡರೆ ಹುಡುಕಾಟ ಬಹುಮಟ್ಟಿಗೆ ಮುಗಿದಂತೆ. ಪೈಥಾನಿನ ಡೀಬಗ್ ಮಾಹಿತಿಯೂ ಇದ್ದರೆ ಪಿವೈ-ಬಿಟಿ ಎಂಬ ಕಮಾಂಡ್ ನಿಮ್ಮ ಪೈಥಾನ್ ಸಾಲನ್ನೇ ತೋರಿಸುತ್ತದೆ.

ಜಿಟಿಕೆಯನ್ನು ಮುಟ್ಟಬೇಕಾದದ್ದು ಒಂದೇ ಥ್ರೆಡ್. ಸಾಕೆಟ್ ಓದುವ ಥ್ರೆಡ್ ಹೊಸ ಎಚ್ಚರಿಕೆ ಬಂದೊಡನೆ ತಾನೇ ಪಟ್ಟಿಗೆ ಸಾಲು ಸೇರಿಸಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದೇ ಮಿಲಿಸೆಕೆಂಡಿನಲ್ಲಿ ಪರದೆ ಆ ಪಟ್ಟಿಯನ್ನು ಬಿಡಿಸುತ್ತಿದ್ದರೆ ಬೀಳುತ್ತದೆ. ಓದುವ ಥ್ರೆಡ್ ದತ್ತಾಂಶವನ್ನು ಜಿಲಿಬ್‌ನ ಐಡಲ್ ಆಡ್ ಮೂಲಕ ಮೇನ್ ಲೂಪಿಗೆ ಒಪ್ಪಿಸಿ ಸುಮ್ಮನಾಗಬೇಕು. ಹಾಗೆ ಕೊಟ್ಟ ಫಂಕ್ಷನ್ ಕೊನೆಗೆ ಫಾಲ್ಸ್ ಹಿಂತಿರುಗಿಸಲಿ. ಟ್ರೂ ಕೊಟ್ಟರೆ ಅದನ್ನೇ ಮತ್ತೆ ಮತ್ತೆ ಕರೆದು ಸಿಪಿಯು 100ಕ್ಕೆ ಏರುತ್ತದೆ.

ಎರಡನೆಯ ಅನುಮಾನ ಪಟ್ಟಿಯ ಸಾಲಿಗೆ ಬೆರಳಿಡುವ ಟ್ರೀ ಇಟರ್. ಬಳಕೆದಾರರು ಸಾಲನ್ನು ಆರಿಸುತ್ತಾರೆ, ನೀವು ಅದರ ಇಟರ್ ಉಳಿಸಿಟ್ಟುಕೊಳ್ಳುತ್ತೀರಿ, ಅಷ್ಟರಲ್ಲಿ ಹಳೆಯ ಎಚ್ಚರಿಕೆಗಳನ್ನು ತೆಗೆಯುವ ಕೋಡ್ ಆ ಸಾಲನ್ನು ಅಳಿಸುತ್ತದೆ. ಆಮೇಲೆ ಆ ಇಟರ್ ಬಳಸಿದರೆ ಇಲ್ಲದ ಜಾಗಕ್ಕೆ ಕೈಹಾಕಿದಂತೆ. ಇಟರ್ ಇಟ್ಟುಕೊಳ್ಳಬೇಡಿ, ಎಚ್ಚರಿಕೆಯ ಗುರುತು ಸಂಖ್ಯೆ ಇಟ್ಟುಕೊಂಡು ಬೇಕಾದಾಗ ಹುಡುಕಿ, ಇಲ್ಲವೇ ಟ್ರೀ ರೋ ರೆಫರೆನ್ಸ್ ಬಳಸಿ. ವಿಂಡೋ ಮುಚ್ಚಿದ ಮೇಲೂ ಉಳಿಯುವ ಟೈಮರುಗಳದೂ ಇದೇ ಕಥೆ, ಮುಚ್ಚುವಾಗ ಸೋರ್ಸ್ ರಿಮೂವ್ ಮಾಡಿ.

ತಪ್ಪು ನಡೆದ ಕ್ಷಣದಲ್ಲೇ ನಿಲ್ಲಿಸಲು ಜಿ ಅಡಿಗೆರೆ ಡೀಬಗ್ (ದೊಡ್ಡಕ್ಷರ) ವೇರಿಯಬಲ್‌ಗೆ ಫೇಟಲ್-ಕ್ರಿಟಿಕಲ್ಸ್ ಎಂದು ಕೊಡಿ. ಜಿಟಿಕೆ ಗೊಣಗಿ ಮುಂದೆ ಹೋಗುತ್ತಿದ್ದ ಮೊದಲ ತಪ್ಪಿಗೇ ಪ್ರೋಗ್ರಾಮ್ ನಿಂತು ಕೋರ್ ಬೀಳುತ್ತದೆ. ಆ ಕೋರ್ ಈಗಿರುವ ಮೂರಕ್ಕಿಂತ ಬೆಲೆಬಾಳುತ್ತದೆ.

ಕೋರ್ ಇಲ್ಲದಿದ್ದಾಗ ಕರ್ನಲ್ ಲಾಗಿನ ಒಂದು ಸಾಲೂ ಸ್ವಲ್ಪ ಹೇಳುತ್ತದೆ. ಸೆಗ್‌ಫಾಲ್ಟ್ ಎಂಬ ಸಾಲಿನಲ್ಲಿ "ಎರರ್ 4" ಇದ್ದರೆ ಇಲ್ಲದ ಜಾಗವನ್ನು ಓದಲು ಹೋಗಿದೆ, "ಎರರ್ 6" ಇದ್ದರೆ ಬರೆಯಲು ಹೋಗಿದೆ. ವಿಳಾಸ 0 ಅಥವಾ ಅದರ ಹತ್ತಿರ ಇದ್ದರೆ ಖಾಲಿ ಪಾಯಿಂಟರ್. ಅದೇ ಯಂತ್ರದಲ್ಲಿ ಬ್ರೌಸರ್, ಕಂಪೈಲರ್ ಎಂದು ಸಂಬಂಧವಿಲ್ಲದ ಪ್ರೋಗ್ರಾಮುಗಳೂ ಬೀಳುತ್ತಿದ್ದರೆ ಕೋಡ್ ಓದುವುದನ್ನು ಬಿಟ್ಟು ಒಂದು ರಾತ್ರಿ ಮೆಮ್‌ಟೆಸ್ಟ್86+ ಓಡಿಸಿ. ಒಂದೇ ಒಂದು ತಪ್ಪು ಕಂಡರೂ ರ್‍ಯಾಮ್ ಬದಲಿಸಬೇಕು.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಎಸ್‌ಇಅಲರ್ಟ್ ಕೆಲವು ಸಲ ತೆರೆಯುತ್ತದೆ, ಕೆಲವು ಸಲ ತೆರೆದು ಬೀಳುತ್ತದೆ. ಡೇಟಾಬೇಸ್ ಅಳಿಸಿದರೆ ಸರಿಹೋಗುತ್ತದೆಯೇ?
— ಓದುಗರು, ಕಲಬುರಗಿ

ಉತ್ತರ: ಸರಿಹೋಗಬಹುದು, ಆದರೆ ಅಳಿಸಬೇಡಿ, ಪಕ್ಕಕ್ಕಿಡಿ. ಫೈಲು ಇರುವುದು /ವಾರ್/ಲಿಬ್/ಸೆಟ್ರಬಲ್‌ಶೂಟ್ ಡೈರೆಕ್ಟರಿಯಲ್ಲಿ, ಹೆಸರು ಸೆಟ್ರಬಲ್‌ಶೂಟ್ ಅಡಿಗೆರೆ ಡೇಟಾಬೇಸ್.ಎಕ್ಸ್‌ಎಂಎಲ್. ಮೊದಲು ಸಿಪಿ -ಎ ಬಳಸಿ ಒಂದು ಪ್ರತಿ ತೆಗೆದು, ಆ ಪ್ರತಿಯ ಮೇಲೆ ಎಕ್ಸ್‌ಎಂಎಲ್‌ಲಿಂಟ್ --ನೋಔಟ್ ಓಡಿಸಿ. ಏನೂ ಹೇಳದಿದ್ದರೆ ಫೈಲಿನ ರಚನೆ ಸರಿಯಿದೆ, ತೊಂದರೆ ಬೇರೆಡೆ. "ಪ್ರಿಮೆಚೂರ್ ಎಂಡ್" ಎಂದರೆ ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಬಾಲ ಕತ್ತರಿಸಿದೆ. ಅಮಾನ್ಯ ಅಕ್ಷರ ಎಂದರೆ ಯಾವುದೋ ಫೈಲಿನ ಹೆಸರಿನಲ್ಲಿದ್ದ ಕಂಟ್ರೋಲ್ ಅಕ್ಷರ ಒಳಗೆ ಬಂದಿದೆ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಅಕ್ಷರಗಳಲ್ಲಿ 9, 10, 13ಕ್ಕೆ ಮಾತ್ರ ಅನುಮತಿ.

ಕೆಟ್ಟಿರುವುದು ಖಾತ್ರಿಯಾದರೆ ಎಸ್‌ಇಅಲರ್ಟ್ ಮುಚ್ಚಿ, ಸಿಸ್ಟಮ್‌ಸಿಟಿಎಲ್ ಸ್ಟಾಪ್ ಸೆಟ್ರಬಲ್‌ಶೂಟ್‌ಡಿ ಕೊಡಿ. ಹೊಸ ಎಚ್ಚರಿಕೆ ಬಂದರೆ ಡಿ-ಬಸ್ ಅದನ್ನು ಮತ್ತೆ ಎಬ್ಬಿಸುತ್ತದೆ. ಆದ್ದರಿಂದ ನಿಂತಿದೆಯೇ ಎಂದು ನೋಡಿಕೊಂಡು ಆಗಲೇ ಎಂವಿ ಬಳಸಿ ಫೈಲಿನ ಹೆಸರು ಬದಲಿಸಿ. ನಂತರ ಆ ಡೈರೆಕ್ಟರಿಯ ಮೇಲೆ ರಿಸ್ಟೋರ್‌ಕಾನ್ -ಆರ್‌ವಿ (ಇಲ್ಲಿ ಆರ್ ದೊಡ್ಡಕ್ಷರ) ಓಡಿಸಿ. ಮುಂದಿನ ಎಚ್ಚರಿಕೆಗೆ ಹೊಸ ಫೈಲು ಹುಟ್ಟುತ್ತದೆ. ಹಳೆಯ ಎಚ್ಚರಿಕೆಗಳು ಬೇಕೆಂದರೆ ಎಸ್‌ಇಅಲರ್ಟ್ -ಎ ಮುಂದೆ ಆಡಿಟ್.ಲಾಗ್ ಕೊಟ್ಟು ಮತ್ತೆ ವಿಶ್ಲೇಷಿಸಬಹುದು. ಆದರೆ ಆಡಿಟ್‌ಡಿ ಸಾಮಾನ್ಯವಾಗಿ 8 ಮೆಗಾಬೈಟಿನ 5 ಫೈಲುಗಳನ್ನಷ್ಟೇ ಇಟ್ಟುಕೊಂಡು ಹಳೆಯದನ್ನು ಬಿಡುತ್ತದೆ. ಗದ್ದಲದ ಯಂತ್ರದಲ್ಲಿ ಅದು ಒಂದೇ ದಿನಕ್ಕೆ ತುಂಬಬಹುದು, ಹಾಗಾಗಿ ಆ ಫೈಲುಗಳ ಪ್ರತಿಯನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ.

ಪ್ರಶ್ನೆ: ಸೆಕ್ಯುರಿಟಿ ಆನಿಯನ್ (ನೆಟ್‌ವರ್ಕ್ ಕಾಯುವ ಲಿನಕ್ಸ್) ಹಾಕಿದ ಹಳೆಯ ಯಂತ್ರದಲ್ಲಿ ಎಚ್ಚರಿಕೆ ನೋಡಲು ಸ್ಗ್ವಿಲ್ ಎಂಬ ಪ್ರೋಗ್ರಾಮ್ ಬಳಸುತ್ತಿದ್ದೇವೆ. ಸೋಮವಾರ ಬೆಳಿಗ್ಗೆ ಮಾತ್ರ ಕ್ಲೈಂಟ್ ತೆರೆಯುವಾಗ ಸಿಕ್ಕಿಹಾಕಿಕೊಳ್ಳುತ್ತದೆ.
— ಓದುಗರು, ದುಬೈ

ಉತ್ತರ: ಸೋಮವಾರ ಎಂಬುದೇ ಸುಳಿವು. ಟಿಸಿಎಲ್/ಟಿಕೆಯಲ್ಲಿ ಬರೆದ ಈ ಕ್ಲೈಂಟ್ ಲಾಗಿನ್ ಆದಾಗ ವಿಂಗಡಿಸದೆ ಉಳಿದ ಎಚ್ಚರಿಕೆಗಳನ್ನೆಲ್ಲ ಕರೆತರುತ್ತದೆ, ವಾರಾಂತ್ಯದ ರಾಶಿ ಒಟ್ಟಿಗೆ ಬರುತ್ತದೆ. ಗದ್ದಲದ ನಿಯಮಗಳಿಗೆ ಸರ್ವರ್‌ನಲ್ಲಿ ಆಟೋಕ್ಯಾಟ್ (ತಾನಾಗಿ ವಿಂಗಡಿಸುವ ಸೂಚನೆ) ಬರೆಯಿರಿ. ಪರೀಕ್ಷಿಸಿ ಮುಗಿದವನ್ನು ಎಫ್8 ಒತ್ತಿ ಪಟ್ಟಿಯಿಂದ ಇಳಿಸುತ್ತಾ ಹೋಗಿ. 7734 ಪೋರ್ಟಿನ ಸಂಪರ್ಕ ನಡುವೆ ಕಡಿಯುತ್ತಿದೆಯೇ ಎಂದೂ ನೋಡಿ. ಸೆಕ್ಯುರಿಟಿ ಆನಿಯನ್ 2ರಲ್ಲಿ ಸ್ಗ್ವಿಲ್ ಇಲ್ಲ, ಹಳೆಯದಕ್ಕೆ ಬೆಂಬಲವೂ ಮುಗಿದಿದೆ. ತಿದ್ದುವುದಕ್ಕೆ ವಾರಗಟ್ಟಲೆ ಕೂರುವ ಬದಲು ಹೊಸದಕ್ಕೆ ಹೋಗುವುದು ಮೇಲು.

ಪ್ರಶ್ನೆ: ತಿದ್ದಿದ ಮೇಲೆ ಸರಿಹೋಯಿತು ಎಂದು ಎಷ್ಟು ದಿನ ಕಾದು ಹೇಳಬೇಕು?
— ಓದುಗರು, ಉಡುಪಿ

ಉತ್ತರ: ದಿನ ಎಣಿಸಬೇಡಿ, ಪ್ರಯತ್ನ ಎಣಿಸಿ. ಮೊದಲು ಸರಾಸರಿ 20 ಸಲ ತೆರೆದರೆ 1 ಸಲ ಬೀಳುತ್ತಿತ್ತು ಎನ್ನಿ. ಏನನ್ನೂ ತಿದ್ದದೆ ಇದ್ದರೂ 20 ಸಲ ಬೀಳದೆ ಓಡುವ ಸಾಧ್ಯತೆ 100ರಲ್ಲಿ 36. ಹಾಗಾಗಿ 20 ಸಲ ಓಡಿತು ಎಂಬುದು ಪುರಾವೆಯಲ್ಲ. 60 ಸಲ ಓಡಿದರೆ ಆ ಸಾಧ್ಯತೆ 100ರಲ್ಲಿ 5ಕ್ಕಿಂತ ಕೆಳಗಿಳಿಯುತ್ತದೆ. ಎಷ್ಟಕ್ಕೊಮ್ಮೆ ಬೀಳುತ್ತಿತ್ತೋ ಅದರ ಮೂರು ಪಟ್ಟು ಎಂದು ನೆನಪಿಟ್ಟುಕೊಳ್ಳಿ.

60 ಸಲ ಕೈಯಲ್ಲೇ ತೆರೆಯಬೇಕಿಲ್ಲ. ಷೆಲ್‌ನಲ್ಲಿ ಒಂದು ಲೂಪ್ ಬರೆದು, ಪ್ರತಿ ಸಲ ಟೈಮ್‌ಔಟ್ 30 ಜೊತೆ ಎಸ್‌ಇಅಲರ್ಟ್ -ಬಿ ಓಡಿಸಿ ನಿರ್ಗಮನ ಸಂಖ್ಯೆಯನ್ನು ಫೈಲಿಗೆ ಬರೆಯಿರಿ. 124 ಬಂದರೆ 30 ಸೆಕೆಂಡ್ ಬದುಕಿತ್ತು, ಟೈಮ್‌ಔಟೇ ಮುಚ್ಚಿತು ಎಂದರ್ಥ. ಬೇರೆ ಯಾವ ಸಂಖ್ಯೆ ಬಂದರೂ ನೋಡಬೇಕು. ತೆರೆದು ಸುಮ್ಮನಿದ್ದರೆ ಬೀಳದ, ಎಚ್ಚರಿಕೆ ಬಂದಾಗ ಮಾತ್ರ ಬೀಳುವ ದೋಷವಾದರೆ ಎಚ್ಚರಿಕೆಗಳನ್ನೂ ಹುಟ್ಟಿಸಬೇಕು. ಪರೀಕ್ಷೆಗೆಂದೇ ಇಟ್ಟ ವರ್ಚುವಲ್ ಯಂತ್ರದಲ್ಲಿ ಅಪಾಚೆ ಹಾಕಿ, ಹೋಮ್ ಡೈರೆಕ್ಟರಿಯ ಒಂದು ಫೈಲನ್ನು /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು/ಎಚ್‌ಟಿಎಂಎಲ್‌ಗೆ ಎಂವಿ ಮಾಡಿ, ಕರ್ಲ್‌ನಿಂದ ಕೇಳಿ. ಎಂವಿ ಫೈಲಿನ ಹಳೆಯ ಎಸ್‌ಇಲಿನಕ್ಸ್ ಲೇಬಲನ್ನೇ ಹೊತ್ತು ತರುವುದರಿಂದ ಅಪಾಚೆಗೆ ಓದಲು ಬಿಡುವುದಿಲ್ಲ, ಎಚ್ಚರಿಕೆ ಬರುತ್ತದೆ. ಸಿಪಿ ಮಾಡಿದರೆ ಹೊಸ ಜಾಗದ ಲೇಬಲ್ ಅಂಟಿ ಏನೂ ಬರುವುದಿಲ್ಲ. ಒಂದು ಫೈಲಿಗೆ ಕನ್ನಡದ ಹೆಸರು, ಒಂದಕ್ಕೆ ಜಾಗವಿರುವ ಹೆಸರು, ಒಂದಕ್ಕೆ ಆಂಪರ್‌ಸ್ಯಾಂಡ್ ಇರುವ ಹೆಸರು ಇಡಿ.

ಪ್ರಶ್ನೆ: ದೋಷ ವರದಿ ಮಾಡುವಾಗ ಕೋರ್ ಫೈಲನ್ನೇ ಕಳಿಸಬಹುದೇ?
— ಓದುಗರು, ಮಂಗಳೂರು

ಉತ್ತರ: ಎಲ್ಲರಿಗೂ ಕಾಣುವ ಕಡೆ ಬೇಡ. ಕೋರ್ ಎಂದರೆ ಬಿದ್ದ ಕ್ಷಣದಲ್ಲಿ ಪ್ರೋಗ್ರಾಮಿನ ಮೆಮೊರಿಯಲ್ಲಿ ಇದ್ದುದೆಲ್ಲ: ಫೈಲಿನ ಹೆಸರು, ಬಳಕೆದಾರರ ಹೆಸರು, ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಯಾರಾದರೂ ಇಟ್ಟಿದ್ದ ಪಾಸ್‌ವರ್ಡ್ ಕೂಡ. ಥ್ರೆಡ್ ಅಪ್ಲೈ ಆಲ್ ಬಿಟಿಯ ಪಠ್ಯ, ನಿರ್ಗಮನ ಸಂಖ್ಯೆ, ಆರ್‌ಪಿಎಂ -ಕ್ಯೂ ತೋರಿಸುವ ಸೆಟ್ರಬಲ್‌ಶೂಟ್-ಸರ್ವರ್, ಸೆಟ್ರಬಲ್‌ಶೂಟ್-ಪ್ಲಗಿನ್ಸ್, ಪೈಥಾನ್3-ಜಿಆಬ್ಜೆಕ್ಟ್, ಜಿಟಿಕೆ3 ಆವೃತ್ತಿಗಳು, ಎಷ್ಟು ಪ್ರಯತ್ನಕ್ಕೆ ಎಷ್ಟು ಸಲ ಬಿತ್ತು ಎಂಬ ಲೆಕ್ಕ, ಇಷ್ಟನ್ನು ಕಳಿಸಿ. ಬಿಟಿ ಫುಲ್ ಕೊಟ್ಟರೆ ವೇರಿಯಬಲ್‌ಗಳ ಬೆಲೆಯೂ ಬರುತ್ತದೆ. ಕಳಿಸುವ ಮೊದಲು ಸಾಲು ಸಾಲಾಗಿ ಓದಿ, ಹೊರಗೆ ಹೋಗಬಾರದ ಹೆಸರುಗಳನ್ನು ಮರೆಮಾಡಿ. ಕೋರ್ ನಿಮ್ಮ ಬಳಿಯೇ ಇರಲಿ. ಡೆವಲಪರ್ ಇನ್ನೊಂದು ಪ್ರಶ್ನೆ ಕೇಳಿದರೆ ಅದನ್ನು ಜಿಡಿಬಿಯಲ್ಲಿ ನೀವೇ ತೆರೆದು ಉತ್ತರಿಸಬಹುದು.